ಮೂರೂವರೆ ಸಾವಿರದ ಜೇಬು ಬ್ಯಾಟರಿ: ರೈತನಿಗೆ ಬೇಕೇ?

ಕಳೆದ ವರ್ಷ ಶ್ರಾವಣದ ಒಂದು ರಾತ್ರಿ. ಮಾನ್ವಿ ತಾಲ್ಲೂಕಿನ ನಮ್ಮ ಗದ್ದೆಗೆ ಕಾಲುವೆ ನೀರಿನ ಪಾಳಿ ಬಂದಿತ್ತು. ಅಣ್ಣ ಸಲಿಕೆ ಹೆಗಲಿಗೇರಿಸಿ ಒಬ್ಬನೇ ಹೊರಟ. ಮೂರು ಸೆಲ್ಲಿನ ಹಿತ್ತಾಳೆ ಬ್ಯಾಟರಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅತ್ತಿಗೆ ನೆನಪು ಮಾಡಿದರು. "ಒಂದು ಮಡಿ ಕಟ್ಟಿ ಬರೋದು, ಮೊಬೈಲ್ ಅದಲ್ಲ" ಅಂದು ಬಿಟ್ಟು ಹೋದ.

ಬದು ಕಟ್ಟಲು ಎರಡೂ ಕೈ ಬೇಕು. ಮೊಬೈಲ್ ಅಂಗಿಯ ಜೇಬಿಗೆ ಹೋಯಿತು. ಅದರ ಜೊತೆ ಬೆಳಕೂ ಜೇಬಿಗೆ ಹೋಯಿತು. ಕತ್ತಲಲ್ಲಿ ಇಟ್ಟ ನಾಲ್ಕನೇ ಹೆಜ್ಜೆಯೋ ಐದನೆಯದೋ ಕೊಳಕುಮಂಡಲದ ಮೇಲೆ ಬಿತ್ತು.

ಅಣ್ಣ ಬದುಕಿದ್ದಾನೆ. ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ನೋಡಿದರು. ಹೆಪ್ಪುಗಟ್ಟಲಿಲ್ಲ. ವಿಷ ಏರಿದೆ ಎಂದು ಗೊತ್ತಾಗಿ ಔಷಧ ಹಾಕಿದರು. ಹನ್ನೊಂದು ದಿನ ಮಂಚ, ಮೂರು ತಿಂಗಳು ಕುಂಟು. ಆ ಬೆಳೆಯ ಕಳೆ, ಗೊಬ್ಬರ, ಕೊಯ್ಲು ಎಲ್ಲ ಕೂಲಿಯವರ ಮೇಲೆ ನಡೆಯಿತು. ಮನೆಗೆ ಬಂದ ಮೇಲೆ ಅವನು ಆಡಿದ ಮೊದಲ ಮಾತು: "ಬ್ಯಾಟರಿ ಮನ್ಯಾಗಿತ್ತು ನೋಡು, ನಾ ಹೊಲದಾಗಿದ್ದೆ."

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಇದನ್ನು ಕೇಳಿ ಒಂದು ಸಣ್ಣ ಬ್ಯಾಟರಿ ತರಿಸಿ ಕಳಿಸಿದ. ಹೆಬ್ಬೆರಳಿನಷ್ಟು ದಪ್ಪ, ಒಂಬತ್ತು ಸೆಂಟಿಮೀಟರ್ ಉದ್ದ. ಬೆಲೆ ಮೂರೂವರೆ ಸಾವಿರ ರೂಪಾಯಿ! ಅವ್ವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದರ ರೊಕ್ಕಕ್ಕ ಒಂದು ಆಡಿನ ಮರಿ ಬರ್ತಿತ್ತಲ್ಲೋ" ಅಂದಳು. ಅವಳ ಮಾತು ನನ್ನನ್ನು ಬಿಡಲಿಲ್ಲ. ಮರಿಯಾದರೆ ಬೆಳೆಯುತ್ತದೆ, ಈಯುತ್ತದೆ. ಈ ಸಾಮಾನು ಆ ರೊಕ್ಕದ ಕೆಲಸ ಮಾಡುತ್ತದೆಯೇ? ಒಂದು ಹಂಗಾಮು ಪೂರ್ತಿ ಮಾನ್ವಿ, ದೇವದುರ್ಗ, ರಾಯಚೂರು ಮೂರೂ ಕಡೆ ಬಳಸಿ ನೋಡಿದೆವು. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

(ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಅನ್ನುವುದು, ಒಳಗೆ ಹಾಕುವುದಕ್ಕೆ ಸೆಲ್ಲು. ಇಲ್ಲೂ ಹಾಗೇ ಬರೆಯುತ್ತೇನೆ. ಕಂಪನಿಯ ಹೆಸರು ಹೇಳಿಲ್ಲ. ಹೇಳಿದರೆ ಜಾಹೀರಾತಾಗುತ್ತದೆ. ಗುಣ ನೋಡಲು ಕಲಿತರೆ ಹೆಸರು ಯಾವುದಾದರೇನು?)

ರಾತ್ರಿಯ ಕೆಲಸ ಯಾರಿಗೆ ತಪ್ಪಿದೆ?

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟು ತಯಾರಾಗುತ್ತಿದೆ. 1720 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ಅದು. ಆದರೂ ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಪಾಳಿಯ ಮೇಲೆ. ಆ ಪಾಳಿ ಎಷ್ಟೋ ಸಲ ರಾತ್ರಿಯದೇ. ಕಾಲುವೆಯ ಕೊನೆ ಭಾಗದವರ ಪಾಡೂ ಅದೇ. ತುಂಗಭದ್ರಾ ಎಡದಂಡೆ ನಾಲೆಯ ನೀರು ಮಾನ್ವಿ, ರಾಯಚೂರು ಕಡೆಗೆ ಬರುವ ಹೊತ್ತಿಗೆ ಮೇಲಿನವರು ಕುಡಿದು ಬಿಟ್ಟ ನೀರು. ಬಂದಾಗ ಹಿಡಿದುಕೊಳ್ಳಬೇಕು. ಅದು ಹಗಲು ರಾತ್ರಿ ನೋಡಿ ಬರುವುದಿಲ್ಲ.

ಹಾವಿನ ಲೆಕ್ಕ ಇನ್ನೂ ದೊಡ್ಡದು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷದಲ್ಲಿ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ಹೆಚ್ಚಿನ ಸಾವು ಮಳೆಗಾಲದಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇವೆಲ್ಲ ಕಚ್ಚಿದ ಮೇಲಿನ ಮಾತು. ಕಚ್ಚುವ ಮೊದಲು ನಮ್ಮ ಕೈಯಲ್ಲಿರುವುದು ಮೂರೇ: ಕಾಲಿಗೆ ಬೂಟು, ಕೈಗೆ ಕೋಲು, ನೆಲಕ್ಕೆ ಬೆಳಕು.

ಡಬ್ಬಿಯ ಮೇಲಿನ ಅಂಕಿ ಓದುವುದು ಹೇಗೆ?

ಈಗಿನ ಬ್ಯಾಟರಿಯಲ್ಲಿ ತಂತಿಯ ಬಲ್ಬು ಇಲ್ಲ, ಎಲ್‌ಇಡಿ ಇದೆ. ನೀಲಿ ಬೆಳಕಿನ ಎಲ್‌ಇಡಿ ಮಾಡಲು ಸಾಧ್ಯವಾದದ್ದರಿಂದಲೇ ಬಿಳಿ ಬೆಳಕಿನದು ಬಂತು. ಆ ಕೆಲಸಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಎಲ್‌ಇಡಿ ಬಂದ ಮೇಲೆ ಅಂಕಿಗಳ ಸಂತೆಯೂ ಬಂತು. ಸಾವಿರ ಲುಮೆನ್, ಎರಡು ಸಾವಿರ ಲುಮೆನ್, ಒಂದು ಕಿಲೋಮೀಟರ್ ಬೆಳಕು ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. 2009ರಲ್ಲಿ ಅಮೆರಿಕದ ತಯಾರಕರು ಸೇರಿ ಅಳತೆಗೆ ಒಂದು ನಿಯಮ ಮಾಡಿಕೊಂಡರು. ಅದಕ್ಕೆ ಎಫ್‌ಎಲ್-1 ಎನ್ನುತ್ತಾರೆ. ಡಬ್ಬಿಯ ಮೇಲೆ ಆ ಗುರುತಿದ್ದರೆ ಅಂಕಿಗೆ ಒಂದು ಅರ್ಥವಿರುತ್ತದೆ.

ಲುಮೆನ್ ಅಂದರೆ ತೂಬಿನಿಂದ ಹೊರಬೀಳುವ ಒಟ್ಟು ನೀರು ಇದ್ದಂತೆ, ಒಟ್ಟು ಬೆಳಕು. ಕ್ಯಾಂಡೆಲಾ ಅಂದರೆ ಪೈಪಿನ ಬಾಯಿ ಬೆರಳಲ್ಲಿ ಒತ್ತಿ ನೀರನ್ನು ಎಷ್ಟು ದೂರ ಚಿಮ್ಮಿಸುತ್ತೀರಿ ಎಂಬುದು, ಅಂದರೆ ಬೆಳಕಿನ ಸೆಳಕು. ನೀರು ಅಷ್ಟೇ ಇದ್ದರೂ ಬಾಯಿ ಕಿರಿದಾದರೆ ದೂರ ಹೋಗುತ್ತದೆ, ಆದರೆ ಒಂದೇ ಸಾಲು ತೋಯುತ್ತದೆ.

ದೂರದ ಲೆಕ್ಕಕ್ಕೆ ಸುಲಭದ ಸೂತ್ರವಿದೆ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 2500 ಕ್ಯಾಂಡೆಲಾ ಇದ್ದರೆ ವರ್ಗಮೂಲ 50, ದೂರ 100 ಮೀಟರ್. ಆದರೆ ಆ ನೂರನೇ ಮೀಟರಿನಲ್ಲಿ ಬೀಳುವ ಬೆಳಕು ಹುಣ್ಣಿಮೆಯ ಬೆಳದಿಂಗಳಿನಷ್ಟೇ. ಅಲ್ಲಿ ಹಂದಿ ನಿಂತಿದ್ದರೆ ಕಪ್ಪಗೆ ಏನೋ ಇದೆ ಎಂದು ಕಂಡೀತು, ಅಷ್ಟೇ. ಡಬ್ಬಿಯ ದೂರದ ಅರ್ಧ ಹಿಡಿಯಿರಿ. ಅರ್ಧ ದೂರದಲ್ಲಿ ಬೆಳಕು ನಾಲ್ಕು ಪಟ್ಟು.

ಎಷ್ಟು ತಾಸು ಉರಿಯುತ್ತದೆ ಎಂಬ ಅಂಕಿಯಲ್ಲೇ ಹೆಚ್ಚು ಮೋಸ ಹೋಗುವುದು. ಎಫ್‌ಎಲ್-1 ನಿಯಮದಲ್ಲಿ ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಹೊತ್ತನ್ನೆಲ್ಲ ಎಣಿಸುತ್ತಾರೆ. "ಸಾವಿರ ಲುಮೆನ್, ಮೂರು ತಾಸು" ಎಂದರೆ ಒಂದೆರಡು ನಿಮಿಷ ಸಾವಿರ, ಆಮೇಲೆ ಬ್ಯಾಟರಿ ಕಾದು ತಾನೇ ಇಳಿದು ಉಳಿದ ಹೊತ್ತೆಲ್ಲ ನೂರಿನ್ನೂರು ಇರಬಹುದು. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಇದಕ್ಕೆ ನಾನು ಒಂದು ಕೈಲೆಕ್ಕ ಮಾಡಿಕೊಂಡಿದ್ದೇನೆ. ಸೆಲ್ಲಿನ ಮೇಲೆ ಎಂಎಎಚ್ ಎಂದು ಬರೆದಿರುತ್ತದೆ. ಅದನ್ನು ಸಾವಿರದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ತಾಸು. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ ಎಂದು ಹಿಡಿಯಿರಿ. ನಮ್ಮ ಬ್ಯಾಟರಿಯ ಸೆಲ್ಲು 900 ಎಂಎಎಚ್, 3.6 ವೋಲ್ಟ್. ಅಂದರೆ ಸುಮಾರು 3.2 ವ್ಯಾಟ್-ತಾಸು. ಹಾಗಾಗಿ 100 ಲುಮೆನ್ ಬೆಳಕು ಮೂರು ತಾಸು, 50 ಲುಮೆನ್ ಆರು ತಾಸು. ಇದಕ್ಕಿಂತ ಬಹಳ ಹೆಚ್ಚು ಹೇಳುವವನ ಅಂಗಡಿಯಿಂದ ಎದ್ದು ಬನ್ನಿ. ಸಣ್ಣ ಗಡಿಗೆಯಲ್ಲಿ ಬಾವಿಯ ನೀರು ಹಿಡಿಯುವುದಿಲ್ಲ.

ನೀರಿನ ವಿಷಯ: ಐಪಿಎಕ್ಸ್-4 ಎಂದಿದ್ದರೆ ಮಳೆ ಹನಿ ತಡೆಯುತ್ತದೆ. ಐಪಿಎಕ್ಸ್-7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಸರಿ. ಗದ್ದೆ, ಕಾಲುವೆಯವರಿಗೆ 7 ಅಥವಾ 8 ಬೇಕು.

ಮಾನ್ವಿಯ ಗದ್ದೆಯಲ್ಲಿ

ನಾಟಿ ಆದಂದಿನಿಂದ ತೆನೆ ಬರುವವರೆಗೆ ಅಣ್ಣ ಮತ್ತು ನಾನು ಪಾಳಿಯ ಮೇಲೆ ಒಯ್ದೆವು. ಈ ಬ್ಯಾಟರಿಯಲ್ಲಿ 5, 50, 150, 350 ಲುಮೆನ್ನಿನ ನಾಲ್ಕು ಹಂತಗಳಿವೆ. ಮೊದಲ ವಾರ 350ರಲ್ಲೇ ಹಚ್ಚಿಕೊಂಡು ಹೋದೆವು. ಹೊಸ ಎತ್ತು ಕೊಂಡವನಂತೆ ನಮಗೂ ಹುರುಪು. ಕೆಲವೇ ನಿಮಿಷದಲ್ಲಿ ಕೈಗೆ ಬಿಸಿ ತಾಗುತ್ತಿತ್ತು, ಬೆಳಕು ತಾನೇ ಇಳಿಯುತ್ತಿತ್ತು. ಎಡಗೈ ಬದಿಗೆ ಕತ್ತಲು ಮೊದಲಿಗಿಂತ ಗಟ್ಟಿಯಾದಂತೆ ಕಾಣುತ್ತಿತ್ತು.

ಅದಕ್ಕೆ ಕಾರಣವಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಮ್ಮೆ ಜೋರು ಬೆಳಕು ನೋಡಿದರೆ ಆ ಹೊಂದಾಣಿಕೆ ಹಾಳು. 50 ಲುಮೆನ್ನಿಗೆ ಇಳಿಸಿದ ಮೇಲೆ ಬದುವೂ ಕಂಡಿತು, ಬದುವಿನಾಚೆಯ ನೀರೂ ಕಂಡಿತು. ಕಾಲ ಮುಂದಿನ ಎರಡು ಮೂರು ಮಾರು ನೋಡಲು 50 ಧಾರಾಳ. ರಾತ್ರಿಗೆ ನಾಲ್ಕು ಸಲ ಗದ್ದೆ ಸುತ್ತಿದರೆ ಒಟ್ಟು ಮೂರು ತಾಸಿನ ಬೆಳಕು ಬೇಕಾಯಿತು. ಒಂದು ಸೆಲ್ಲು ಎರಡು ರಾತ್ರಿ ಬಂತು. ಕೈಲೆಕ್ಕ ಸರಿಹೋಯಿತು.

ಹಿಡಿಯುವ ಎತ್ತರವೂ ಮುಖ್ಯವೆಂದು ಅಣ್ಣ ಕಂಡುಹಿಡಿದ. ಹಣೆಯ ಹತ್ತಿರ ಹಿಡಿದರೆ ಬೆಳಕು ಕಣ್ಣಿನ ದಾರಿಯಲ್ಲೇ ಹೋಗುತ್ತದೆ, ನೆರಳು ಕಾಣುವುದಿಲ್ಲ. ಹೆಂಟೆ ಯಾವುದು, ಸುತ್ತಿ ಮಲಗಿದ್ದು ಯಾವುದು ತಿಳಿಯುವುದಿಲ್ಲ. ಸೊಂಟದ ಎತ್ತರದಲ್ಲಿ ಹಿಡಿದು ಓರೆಯಾಗಿ ಬಿಟ್ಟರೆ ಪ್ರತಿಯೊಂದಕ್ಕೂ ನೆರಳು ಬಿದ್ದು ಉಬ್ಬು ತಗ್ಗು ಎದ್ದು ಕಾಣುತ್ತದೆ. ಮಂಜು, ಜಿಟಿಜಿಟಿ ಮಳೆ ಇದ್ದಾಗಲೂ ಕೆಳಗೆ ಹಿಡಿದದ್ದೇ ಮೇಲು. ಹಣೆಯಿಂದ ಬಿಟ್ಟ ಬೆಳಕು ಹನಿಗೆ ತಾಗಿ ಕಣ್ಣಿಗೇ ಮರಳುತ್ತದೆ.

ಇನ್ನೊಂದು ಮಾತು. ಹುಲ್ಲಿನಲ್ಲಿ ಸಣ್ಣ ಚುಕ್ಕಿಗಳು ಮಿಂಚುವುದನ್ನು ನೋಡಿ ಹಾವಿನ ಕಣ್ಣು ಅಂದುಕೊಳ್ಳುತ್ತೇವೆ. ಅವು ಬಹಳ ಮಾಡಿ ಜೇಡನ ಕಣ್ಣು. ಹಾವಿನ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುವುದಿಲ್ಲ. ಮಿಂಚಿಲ್ಲ, ಹಾಗಾಗಿ ಹಾವಿಲ್ಲ ಎಂದು ಹೆಜ್ಜೆ ಇಡಬಾರದು. ಮೈಯನ್ನೇ ಹುಡುಕಬೇಕು.

ಕೊರತೆ ಎರಡು ಕಂಡವು. ಒಂದು, ಬೆಳಕಿನ ನಡು ಬಹಳ ಚೂಪು. ಕಾಲ ಬಳಿ ತಟ್ಟೆಯಷ್ಟು ಜಾಗ ಬೆಳ್ಳಗೆ, ಸುತ್ತ ಮಬ್ಬು. ತೆಳುವಾದ ಬಿಳಿ ಪ್ಲಾಸ್ಟಿಕ್ ಚೂರೊಂದನ್ನು ಗಾಜಿಗೆ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿದೆವು. ಬೆಳಕು ಹರಡಿತು. (ಕೆಳಗಿನ ಹಂತಗಳಲ್ಲಿ ಮಾತ್ರ ಹೀಗೆ ಮಾಡಿ. ಜೋರಿನಲ್ಲಿ ಪ್ಲಾಸ್ಟಿಕ್ ಕಾಯುತ್ತದೆ.) ಎರಡು, ಸಲಿಕೆ ಹಿಡಿದಾಗ ಇದನ್ನು ಎಲ್ಲಿಡುವುದು? ಟೊಪ್ಪಿಗೆಯ ಅಂಚಿಗೆ ಸಿಕ್ಕಿಸುವ ಕ್ಲಿಪ್ಪು ಇದೆ. ಬಗ್ಗಿದಾಗ ಎರಡು ಸಲ ಕೆಸರಿಗೆ ಬಿತ್ತು. ನೀರು ಹೋಗಲಿಲ್ಲ, ಉರಿಯುತ್ತಲೇ ಇತ್ತು. ಅದರ ಬೆಳಕಿನಿಂದಲೇ ಅದನ್ನು ಹುಡುಕಿದೆವು! ಆಮೇಲೆ ದಾರ ಕಟ್ಟಿ ಕೊರಳಿಗೆ ಹಾಕಿದೆವು.

ನಮ್ಮ ಜಿಲ್ಲೆಯದೇ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಗಾರರು ತಲೆಗೆ ದೀಪ ಕಟ್ಟಿಕೊಂಡೇ ಇಳಿಯುತ್ತಾರೆ. ಎರಡು ಕೈ ಕೆಲಸಕ್ಕೆ ಬೇಕಾದವರಿಗೆ ಅದೇ ಸರಿ. ನಡೆಯುವಾಗ ಕೈ ಬ್ಯಾಟರಿ, ಬದು ಕಟ್ಟುವಾಗ ತಲೆ ಬ್ಯಾಟರಿ. ಇದು ನಾವು ಕಂಡುಕೊಂಡದ್ದು.

ದೇವದುರ್ಗದ ಮಸಾರಿಯಲ್ಲಿ

ಆಮೇಲೆ ಒಂದು ತಿಂಗಳು ಬ್ಯಾಟರಿ ದೇವದುರ್ಗ ತಾಲ್ಲೂಕಿನಲ್ಲಿರುವ ನನ್ನ ಹೆಂಡತಿಯ ತಮ್ಮನ ಹತ್ತಿರ ಇತ್ತು. ನಾರಾಯಣಪುರ ಬಲದಂಡೆ ಕಾಲುವೆ ಆ ತಾಲ್ಲೂಕಿಗೆ ಬಂದಿದ್ದರೂ ಅವನ ಹೊಲಕ್ಕೆ ಕಾಲುವೆ ನೀರಿಲ್ಲ, ಬೋರಿನದು. ಕಲ್ಲು ಮಸಾರಿ, ಬಳ್ಳಾರಿ ಜಾಲಿಯ ನಡುವೆ ಒಂದು ಕಿಲೋಮೀಟರ್ ದಾರಿ. ಕರೆಂಟ್ ಬಂದ ಕೂಡಲೇ ಹೋಗಿ ಮೋಟರ್ ಹಚ್ಚಬೇಕು.

ಇಂಥ ಒಣ ಕಲ್ಲು ನೆಲ ಗರಗಸ ಮಂಡಲಕ್ಕೆ ಹೇಳಿ ಮಾಡಿಸಿದ ಜಾಗ. ಗೇಣು ಎರಡು ಗೇಣು ಉದ್ದದ ಹುಳ, ಬಣ್ಣ ಮಣ್ಣಿನದೇ. ಇಲ್ಲಿ ಬೆಳಕಿನ ಬಣ್ಣದ ಮಾತು ಬಂತು. ಅವನ ಹತ್ತಿರ ಸಂತೆಯಲ್ಲಿ 250 ರೂಪಾಯಿಗೆ ಕೊಂಡ ಬ್ಯಾಟರಿ ಇತ್ತು. ಅದರದು ನೀಲಿ ಮಿಶ್ರಿತ ಬಿಳಿ. ಅದರಲ್ಲಿ ಕೆಂಪು ಮಣ್ಣು, ಒಣ ಹುಲ್ಲು, ಜಾಲಿ ತೊಗಟೆ ಎಲ್ಲವೂ ಒಂದೇ ಬೂದಿ. ಹೊಸದರದು ತುಸು ಹಳದಿ ಕಡೆಯ ಬೆಳಕು. ಅದರಲ್ಲಿ ಕೆಂಪು ಕೆಂಪಾಗಿ, ಕಂದು ಕಂದಾಗಿ ಕಂಡಿತು.

ಡಬ್ಬಿಯ ಮೇಲೆ ಇದಕ್ಕೆ ಸಿಆರ್‌ಐ ಎಂಬ ಅಂಕಿ ಇರುತ್ತದೆ. ಸೂರ್ಯನ ಬೆಳಕು 100. ಸಾಮಾನ್ಯ ಬ್ಯಾಟರಿ 70ರ ಆಸುಪಾಸು, ಒಳ್ಳೆಯದು 90ರ ಮೇಲೆ. ಸಿಆರ್‌ಐ ಹೆಚ್ಚಿದ್ದರೆ ಲುಮೆನ್ ಸ್ವಲ್ಪ ಕಡಿಮೆಯಾಗುತ್ತದೆ. ಆಗಲಿ. ಬಣ್ಣದ ಜೊತೆಗೆ ಕೆಲ್ವಿನ್ ಎಂಬ ಅಂಕಿ ಇದ್ದರೆ 4000ದಿಂದ 5000 ನೋಡಿ ತೆಗೆದುಕೊಳ್ಳಿ. 6500 ಎಂದರೆ ನೀಲಿ ಬಿಳಿ. ಬೆಳೆಗೂ ಇದು ಉಪಯೋಗ. ಎಲೆ ತಿನ್ನುವ ಸ್ಪೊಡೊಪ್ಟೆರಾ ಹುಳು ಹಗಲು ಮಣ್ಣಲ್ಲಿ, ಎಲೆಯಡಿ ಅಡಗಿ ರಾತ್ರಿ ಮೇಯುತ್ತದೆ. ರಾತ್ರಿ ಒಂಬತ್ತಕ್ಕೆ ಮೆಣಸಿನ ಗಿಡದ ಮೇಲೆ ಬೆಳಕು ಬಿಟ್ಟು ಎಣಿಸಿದರೆ ಔಷಧ ಹೊಡೆಯಬೇಕೋ ಬೇಡವೋ ನಿಮಗೇ ತಿಳಿಯುತ್ತದೆ.

ಸೋತದ್ದೂ ಇಲ್ಲೇ. ಶೇಂಗಾ ಹೊಲಕ್ಕೆ ಹಂದಿ ಬಂದಾಗ ಆ ದಂಡೆಯವರೆಗೆ ಬೆಳಕು ಬೇಕು. "ಮಾವ, ಇದು ಹಂದಿ ಓಡಸಾಕ ಬರಂಗಿಲ್ಲ. ಹಂದಿ ನೋಡಿ ನಗ್ತದ" ಅಂದ. ನಿಜ. ಅದಕ್ಕೆ ದೊಡ್ಡ ಗಾಜಿನ ಬ್ಯಾಟರಿಯೇ ಬೇಕು. ಸಣ್ಣ ಬಾಯಿಯಿಂದ ದೂರದ ಸೆಳಕು ಬರುವುದಿಲ್ಲ.

ಮೋಟರ್ ಮನೆಯ ಒಂದು ಎಚ್ಚರಿಕೆ. ಬೆಳಕು ಜೋರಾಗಿದೆ ಎಂದು ರಾತ್ರಿ ಟಿಸಿಯ ಫ್ಯೂಸ್ ಮುಟ್ಟಲು ಹೋಗಬೇಡಿ. ಬ್ಯಾಟರಿ ದಾರಿ ತೋರಿಸುತ್ತದೆ, ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ತೋರಿಸುವುದಿಲ್ಲ.

ರಾಯಚೂರಿನ ಮಾರುಕಟ್ಟೆಯಲ್ಲಿ

ಹತ್ತಿ ಒಯ್ದಾಗ ಒಂದು ರಾತ್ರಿ ಟ್ರ್ಯಾಕ್ಟರ್ ಕೆಳಗೇ ಮಲಗಬೇಕಾಯಿತು. ಇಲ್ಲಿ ಕೆಲಸಕ್ಕೆ ಬಂದದ್ದು 5 ಲುಮೆನ್ನಿನ ಅತಿ ಸಣ್ಣ ಬೆಳಕು. ಚೀಟಿ ಓದಲು, ರೊಕ್ಕ ಎಣಿಸಲು, ಹಾಸಿಗೆ ಝಾಡಿಸಿ ನೋಡಲು ಅಷ್ಟು ಸಾಕು. ಪಕ್ಕದಲ್ಲಿ ಮಲಗಿದವನ ಕಣ್ಣಿಗೆ ಹೊಡೆಯುವುದಿಲ್ಲ. ಕೈಲೆಕ್ಕದ ಪ್ರಕಾರ ಆ ಬೆಳಕು ಒಂದು ಸೆಲ್ಲಿನಲ್ಲಿ ಎರಡು ದಿನ ಸತತ ಉರಿಯಬೇಕು. ಊರಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ಅವ್ವನಿಗೂ ಅದೇ ಹಿಡಿಸಿತು.

ಮರುದಿನ ತೀನ್ ಕಂದೀಲ್ ಕಡೆ ಅಂಗಡಿ ಸುತ್ತಿದೆ. ಮೂರು ಕಂದೀಲಿನ ಹೆಸರು ಹೊತ್ತ ವೃತ್ತ, ಕಂದೀಲು ಮಾತ್ರ ಕೇಳಬೇಡಿ! ಇನ್ನೂರರಿಂದ ಎರಡು ಸಾವಿರದವರೆಗೆ ಬ್ಯಾಟರಿ ತೋರಿಸಿದರು. "ಎಷ್ಟು ವ್ಯಾಟ್?" ಎಂದರೆ ಬಾಯಿಗೆ ಬಂದ ಅಂಕಿ. "ಸೆಲ್ಲು ಬದಲಿಸಬಹುದೇ?" ಎಂದರೆ ಹೆಚ್ಚಿನವಕ್ಕೆ ಇಲ್ಲ. ಒಳಗೆ ಕೂಡಿಸಿ ಅಂಟಿಸಿದ ಸೆಲ್ಲು. ಅದು ಸತ್ತ ದಿನ ಬ್ಯಾಟರಿಯೂ ಸತ್ತಂತೆ. ನನ್ನ ಮನೆಯ ಅಟ್ಟದಲ್ಲಿ ಅಂಥವು ನಾಲ್ಕು ಬಿದ್ದಿವೆ.

ಸೆಲ್ಲಿನ ಸಂಗತಿ: ಇದನ್ನು ಎರಡು ಸಲ ಓದಿ

ನಮ್ಮ ಬ್ಯಾಟರಿಗೆ ಬರುವುದು 14500 ಎಂಬ ಲಿಥಿಯಂ ಸೆಲ್ಲು. 14 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ ಎಂದು ಆ ಅಂಕಿಯ ಅರ್ಥ. ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ಲಿನ (ಎಎ) ಅಳತೆಯೂ ಅದೇ. ಲಿಥಿಯಂ ಮುಗಿದರೆ ಊರ ಕಿರಾಣಿ ಅಂಗಡಿಯ ಪೆನ್ಸಿಲ್ ಸೆಲ್ಲು ಹಾಕಿದರೂ ಇದು ಉರಿಯುತ್ತದೆ, ಬೆಳಕು ತುಸು ಕಡಿಮೆ. ಹಳ್ಳಿಯವರಿಗೆ ಇದು ದೊಡ್ಡ ಅನುಕೂಲ.

ಅಪಾಯವೂ ಅದರಲ್ಲೇ ಇದೆ. ಪೆನ್ಸಿಲ್ ಸೆಲ್ಲು 1.5 ವೋಲ್ಟ್. ಲಿಥಿಯಂ ತುಂಬಿದಾಗ 4.2 ವೋಲ್ಟ್. ಅಳತೆ ಒಂದೇ ಎಂದು ಮಕ್ಕಳು ಅದನ್ನು ಗಡಿಯಾರ, ರಿಮೋಟ್, ಆಟಿಕೆಗೆ ಹಾಕಿದರೆ ಸುಟ್ಟುಹೋಗುತ್ತದೆ. ನಾವು ಲಿಥಿಯಂ ಸೆಲ್ಲಿಗೆ ಕೆಂಪು ಪಟ್ಟಿ ಸುತ್ತಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ.

ಜೇಬಿನ ಸಲುವಾಗಿ ಅಲ್ಲ, ರಾತ್ರಿಯೆಲ್ಲ ಕೆಲಸಕ್ಕೆ ಎನ್ನುವವರು 18650 ಸೆಲ್ಲಿನದು ನೋಡಲಿ. ಸ್ವಲ್ಪ ದಪ್ಪ, ಆದರೆ ಶಕ್ತಿ ಮೂರು ಪಟ್ಟಿಗಿಂತ ಹೆಚ್ಚು. ಒಳ್ಳೆಯ 18650 ಸಾಮಾನ್ಯವಾಗಿ 3000ದಿಂದ 3500 ಎಂಎಎಚ್. 9900 ಎಂದು ಬರೆದದ್ದು ಕಂಡರೆ ಶುದ್ಧ ಸುಳ್ಳು. ತೂಗಿ ನೋಡಿ: ಒಳ್ಳೆಯದು 45ರಿಂದ 50 ಗ್ರಾಂ ಇರುತ್ತದೆ. ಬಹಳ ಹಗುರ ಇದ್ದರೆ ಜೊಳ್ಳು. ಜೊಳ್ಳು ಕಾಳು ಗುರುತಿಸುವ ನಮಗೆ ಇದೇನು ಕಷ್ಟ?

ಬಿಸಿಲಿನ ಮಾತು ಬೇರೆ ಹೇಳಬೇಕು. ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಚಾರ್ಜ್ ಮಾಡಬಾರದು. ನಮ್ಮ ಬೇಸಿಗೆ ನೆರಳಲ್ಲೇ 40 ದಾಟುತ್ತದೆ. ಬೈಕಿನ ಡಬ್ಬಿ, ಟ್ರ್ಯಾಕ್ಟರಿನ ಟೂಲ್ ಬಾಕ್ಸಿನೊಳಗೆ ಎಷ್ಟಾದೀತು ಯೋಚಿಸಿ. ತಂಪು ಹೊತ್ತಿನಲ್ಲಿ, ಮನೆಯೊಳಗೆ, ಎಚ್ಚರಿರುವಾಗ ಚಾರ್ಜ್ ಮಾಡಿ. ಉಬ್ಬಿದ, ಸಿಪ್ಪೆ ಹರಿದ ಸೆಲ್ಲು ಬಳಸಬೇಡಿ. ಬಿಡಿ ಸೆಲ್ಲನ್ನು ಬೀಗದ ಕೈ, ನಾಣ್ಯದ ಜೊತೆ ಜೇಬಿಗೆ ಹಾಕಬೇಡಿ.

ಕೊಳ್ಳುವ ಮೊದಲು ಏಳು ಪರೀಕ್ಷೆ

1. ಒದ್ದೆ ಕೈಗೆ ಮಣ್ಣು ಸವರಿಕೊಂಡು ಗುಂಡಿ ಒತ್ತಿ ನೋಡಿ. ಕತ್ತಲಲ್ಲಿ ಬೆರಳಿಗೆ ಗುಂಡಿ ಸಿಗಬೇಕು.
2. ಮೊದಲ ಒತ್ತಿಗೆ ಯಾವ ಬೆಳಕು ಬರುತ್ತದೆ? ಸಣ್ಣದು ಅಥವಾ ನಡುವಿನದು ಬರಬೇಕು. ಮಿಣುಕು ಬೆಳಕು, ಎಸ್‌ಒಎಸ್ ದಾಟಿ ಬೇಕಾದ್ದಕ್ಕೆ ಹೋಗಬೇಕಾದರೆ ಬೇಡ.
3. ಗೋಡೆಗೆ ಬಿಡಿ. ನಡು ಚುಕ್ಕಿಯ ಸುತ್ತ ಅಗಲವಾದ ಬೆಳಕು ಇರಬೇಕು. ಆಮೇಲೆ ಕಾಲ ಬಳಿ ಬಿಡಿ, ಎರಡು ಹೆಜ್ಜೆ ಅಗಲ ಕಾಣಬೇಕು.
4. ಒಣಮೆಣಸಿನಕಾಯಿ, ಅರಿಶಿನ, ಹಸಿ ಎಲೆ ಒಟ್ಟಿಗೆ ಇಟ್ಟು ಬೆಳಕು ಬಿಡಿ. ಮೂರರ ಬಣ್ಣವೂ ಹಗಲಿನಂತೆ ಕಾಣಬೇಕು.
5. ನಡುವಿನ ಹಂತದಲ್ಲಿ ಹಚ್ಚಿ ಗಡಿಯಾರ ನೋಡಿ. ಹೇಳಿದ ಹೊತ್ತಿನ ಮುಕ್ಕಾಲು ಭಾಗವಾದರೂ ಬರಬೇಕು. ಅಲ್ಲಿಯವರೆಗೂ ಬೆಳಕು ಒಂದೇ ಸಮ ಇರಬೇಕು.
6. ಬಕೆಟ್ ನೀರಿನಲ್ಲಿ ಅರ್ಧ ತಾಸು ಮುಳುಗಿಸಿ. (ಐಪಿಎಕ್ಸ್-7 ಅಥವಾ 8 ಎಂದಿದ್ದರೆ ಮಾತ್ರ.) ಗಾಜಿನೊಳಗೆ ಹಬೆ ಕಟ್ಟಬಾರದು.
7. ಸೆಲ್ಲು ಹೊರಗೆ ಬರಬೇಕು, ಅಂಥದ್ದೇ ಸೆಲ್ಲು ರಾಯಚೂರಿನಲ್ಲಿ ಅಥವಾ ಅಂಚೆಯಲ್ಲಿ ಸಿಗುವಂತಿರಬೇಕು.

ಮಡಗುವುದೂ ಒಂದು ಕೆಲಸವೇ. ತಿಂಗಳಿಗೊಮ್ಮೆ ಹಿಂದಿನ ತಿರುಪು ಬಿಚ್ಚಿ ಬಟ್ಟೆಯಿಂದ ಒರೆಸಿ, ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ. ಎರೆ ಮಣ್ಣಿನ ಕಣ ತಿರುಪಿನಲ್ಲಿ ಕೂತರೆ ನೀರು ಒಳಗೆ ಹೋಗಲು ದಾರಿ. ಜೇಬಿನಲ್ಲಿ ತಾನೇ ಹತ್ತದಂತೆ ಹಿಂದಿನ ತಿರುಪನ್ನು ಕಾಲು ಸುತ್ತು ಸಡಿಲಿಸಿ. ಎಷ್ಟೋ ಬ್ಯಾಟರಿಗಳಲ್ಲಿ ಇಷ್ಟಕ್ಕೇ ಸಂಪರ್ಕ ತಪ್ಪುತ್ತದೆ.

ಅವ್ವನ ಪ್ರಶ್ನೆಗೆ ಉತ್ತರ

ಹಂಗಾಮು ಮುಗಿದ ಮೇಲೆ ಮೂವರೂ ಕೂತು ಲೆಕ್ಕ ಮಾಡಿದೆವು. ಈ ದುಬಾರಿ ಸಾಮಾನಿನಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಯಾವುದು? 350 ಲುಮೆನ್ ಬೇಕಾದದ್ದು ಬೆರಳೆಣಿಕೆಯ ಸಲ. ಉಪಯೋಗಕ್ಕೆ ಬಂದವು: ಒಂದೇ ಸಮ ಉರಿಯುವ 50 ಲುಮೆನ್, ಮಲಗುವ ಹೊತ್ತಿನ 5 ಲುಮೆನ್, ಬಣ್ಣ ತೋರಿಸುವ ಬೆಳಕು, ಕೆಸರಿಗೆ ಬಿದ್ದರೂ ಆರದಿರುವುದು, ಬದಲಿಸಬಹುದಾದ ಸೆಲ್ಲು. ಇವಿಷ್ಟೂ ಹೆಸರಿನ ಮೋಹ ಬಿಟ್ಟರೆ ಒಂದೂವರೆ, ಎರಡು ಸಾವಿರಕ್ಕೂ ಸಿಗುತ್ತವೆ. ಉಳಿದ ರೊಕ್ಕ ನುಣುಪಿಗೆ, ಚಂದಕ್ಕೆ. ಇನ್ನೂರೈವತ್ತಕ್ಕೆ ಮಾತ್ರ ಇವು ಸಿಗಲಿಲ್ಲ.

ನಮ್ಮ ಸಲಹೆ ಹೀಗಿದೆ. ಕೈಯಲ್ಲಿ ಸಾವಿರವೇ ಇದ್ದರೆ ಮೊದಲು ಮೊಣಕಾಲ ತನಕ ಬರುವ ಗಮ್‌ಬೂಟು ಕೊಳ್ಳಿ. ಉಳಿದದ್ದರಲ್ಲಿ ಒಂದು ಸಾದಾ ತಲೆ ಬ್ಯಾಟರಿ. ಎರಡು ಸಾವಿರ ಮೇಲೆ ಕೈಗೆ ಬಂದಾಗ ಮೇಲಿನ ಏಳು ಪರೀಕ್ಷೆಯಲ್ಲಿ ಪಾಸಾದ ಜೇಬು ಬ್ಯಾಟರಿ. ಹಂದಿ ಕಾಯುವವರು ದೊಡ್ಡದನ್ನು ಬಿಡಬೇಡಿ. ಮೊಬೈಲನ್ನು ಬೆಳಕಿಗೆ ಖರ್ಚು ಮಾಡಬೇಡಿ. ಹೊತ್ತು ಬಂದರೆ 108ಕ್ಕೆ ಕರೆ ಮಾಡಲು ಅದರಲ್ಲಿ ಜೀವ ಇರಬೇಕು. ಅಂಥ ಹೊತ್ತು ಬಂದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗಾಡಿಸದೆ, ಗಳಿಗೆ ನೆನಪಿಟ್ಟು ನೇರ ಆಸ್ಪತ್ರೆಗೆ.

ಸಣ್ಣ ಬ್ಯಾಟರಿಯ ದೊಡ್ಡ ಗುಣ ಯಾವ ಡಬ್ಬಿಯ ಮೇಲೂ ಬರೆದಿಲ್ಲ. ಅದನ್ನು ಬಿಟ್ಟು ಹೋಗುವುದು ಆಗುವುದಿಲ್ಲ. ಹಿತ್ತಾಳೆಯದು ಅರ್ಧ ಕಿಲೋ ಭಾರ, ನೆನಪಿಟ್ಟು ಒಯ್ಯಬೇಕು. ಇದು ಅಂಗಿ ತೊಟ್ಟರೆ ಜೊತೆಗೇ ಬರುತ್ತದೆ. ಆ ಶ್ರಾವಣದ ರಾತ್ರಿ ನಮ್ಮಲ್ಲಿ ಬೆಳಕಿಗೆ ಬಡತನ ಇರಲಿಲ್ಲ. ಮೊಳೆಗೆ ತೂಗುತ್ತಿತ್ತು, ಅಷ್ಟೇ.

ನಿಜವಾದ ಮದ್ದು ಹಗಲಿನ ಕರೆಂಟ್. 2019ರಲ್ಲಿ ಶುರುವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಫೀಡರಿಗೇ ಸೌರಶಕ್ತಿ ಜೋಡಿಸಿ ಪಂಪ್‌ಸೆಟ್ಟಿಗೆ ಹಗಲು ಕರೆಂಟ್ ಕೊಡುವ ಭಾಗವೂ ಇದೆ. ನಿಮ್ಮ ಫೀಡರಿನ ಮಾತು ಎಲ್ಲಿಗೆ ಬಂತೆಂದು ಜೆಸ್ಕಾಂ ಕಚೇರಿಯಲ್ಲಿ ಕೇಳುತ್ತಲೇ ಇರಿ. ಕಾಲುವೆಯ ಪಾಳಿಯವರಿಗೆ ಆ ಭಾಗ್ಯವೂ ಇಲ್ಲ.

ಈ ಸಲ ಪಾಳಿ ಬಂದಾಗ ಅಣ್ಣ ಬೂಟು ಹಾಕಿ ಹೊರಟ. ಅಂಗಳ ದಾಟುವ ಮೊದಲು ಕೊರಳ ದಾರ ಮುಟ್ಟಿ ನೋಡಿಕೊಂಡ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಮರಿಯ ಮಾತು ತೆಗೆಯಲಿಲ್ಲ.

ನಿಮ್ಮೂರಲ್ಲಿ ಯಾವ ಬ್ಯಾಟರಿ ಎಷ್ಟು ವರ್ಷ ಬಾಳಿದೆ, ಎಲ್ಲಿ ಕೈಕೊಟ್ಟಿದೆ? ಬರೆದು ತಿಳಿಸಿ. ನಾಲ್ಕು ಜನರ ಅನುಭವ ಸೇರಿದರೆ ಅಂಗಡಿಯವನ ಅಂಕಿಗಿಂತ ಅದೇ ಗಟ್ಟಿ.